ಬಾಗಿಲು ತಡೆದು ಕೇಳಿದ ಪ್ರಶ್ನೆ

ಟೀವಿಯಲ್ಲಿ ಬರುವ ಆಟಗಳ ಮಾತು ಎದ್ದರೆ ನಮ್ಮ ಅನಗೋಳದ ಮನೆಯಲ್ಲಿ ನಾನೊಬ್ಬಳು ಒಂದು ಕಡೆ, ಉಳಿದವರೆಲ್ಲ ಇನ್ನೊಂದು ಕಡೆ. ಹಳೆಯ ಕಾಲದ ಪ್ರಶ್ನೆ ಕೇಳುವ ಆಟಗಳೇ ಆಟ, ಅವುಗಳಲ್ಲಿ ತಿಳಿವಳಿಕೆ ಇತ್ತು, ಮರ್ಯಾದೆ ಇತ್ತು, ಈಗಿನವು ಬರೀ ಹುಚ್ಚಾಟ ಎಂದು ನನ್ನ ಮಗ ಬಸು ಹೇಳುತ್ತಾನೆ. ಫೌಂಡ್ರಿಯಿಂದ ಬಂದು ಕೈಕಾಲು ತೊಳೆಯುವ ಮೊದಲೇ ಹೇಳುತ್ತಾನೆ. ಓಣಿಯ ಹೆಂಗಸರೂ ಅದನ್ನೇ ಹೇಳಿ, ಎದ್ದು ಹೋಗಿ, ತಮ್ಮ ಮನೆಯಲ್ಲಿ ಅದೇ ಹುಚ್ಚಾಟವನ್ನು ಹಚ್ಚಿಕೊಂಡು ಕೂಡುತ್ತಾರೆ. ನನಗೆ ಈಗಿನವೇ ಸೇರುತ್ತವೆ, ಅದನ್ನು ಮುಚ್ಚಿಡುವುದೂ ಇಲ್ಲ. ನಿರಿಗೆ ಎತ್ತಿ ಸಿಕ್ಕಿಸಿಕೊಂಡು ಬಕೀಟಿಗೆ ಚೆಂಡು ಒಗೆಯುವ ಹೆಂಗಸು, ಬಾಯಲ್ಲಿ ಚಮಚೆ ಕಚ್ಚಿ ಅದರ ಮೇಲೆ ಲಿಂಬೆಹಣ್ಣು ಇಟ್ಟುಕೊಂಡು ಓಡುವ ಅತ್ತೆ, ಅವಳ ಹಿಂದೆ ಓಡಿ ಮುಗ್ಗರಿಸಿ ನಗುವ ಸೊಸೆ, ಕುಕ್ಕರ್ ಗೆದ್ದು ಅಳುವಾಕೆ. ಅಳುವುದು ನಾಟಕ ಎನ್ನುತ್ತಾರೆ. ಕುಕ್ಕರಿಗಾಗಿ ಯಾರು ಅಳುತ್ತಾರೆ? ಅಷ್ಟು ಮಂದಿಯ ನಡುವೆ ತನ್ನ ಹೆಸರು ಹಿಡಿದು ಕರೆದರಲ್ಲ, ಅದಕ್ಕೆ ಬರುತ್ತದೆ ಆ ಅಳು. ಇನ್ನು ಒಂದೇ ಮನೆಯಲ್ಲಿ ಮಂದಿಯನ್ನು ಕೂಡಿಹಾಕಿ ಅವರ ಜಗಳ ತೋರಿಸುವ ಆಟವಿದೆ, ಅದಕ್ಕಂತೂ ಎಲ್ಲರೂ ಶಾಪ ಹಾಕುತ್ತಾರೆ. ನಾನು ಬೆಳೆದ ಖಾನಾಪುರದ ಮನೆಯೂ ಹಾಗೆಯೇ ಇತ್ತು, ಕ್ಯಾಮೆರಾ ಒಂದಿರಲಿಲ್ಲ ಅಷ್ಟೇ.

ಈ ವಾದದಲ್ಲಿ ನನ್ನ ಕಡೆಗೆ ಈಗ ಒಬ್ಬಳು ಬಂದಿದ್ದಾಳೆ. ಬಸುವಿನ ಮಗಳು ಸೃಷ್ಟಿ, ಎರಡನೇತ್ತೆ ಓದುವಾಕೆ. ಅವಳ ಬಗ್ಗೆ ಬರೆಯಲು ಕೂತರೆ ಈ ಅಧ್ಯಾಯ ಅವಳದೇ ಆದೀತು, ಅದಕ್ಕೇ ಕೈ ಬಿಗಿ ಹಿಡಿದಿದ್ದೇನೆ. ಹಾಲುಹಲ್ಲು ಬಿದ್ದ ಬಾಯಿ, ಕೈಯಲ್ಲಿ ನನ್ನ ಲಟ್ಟಣಿಗೆ. ಅದೇ ಅವಳ ಮೈಕು. ನಮ್ಮ ಮನೆಗೆ ಹಾಲಿನವನು ಬಂದರೂ ಅವಳ ಪ್ರಶ್ನೆಗೆ ಉತ್ತರ ಕೊಡದೆ ಹಾಲು ಅಳೆಯುವಂತಿಲ್ಲ. ಅವಳು ಬಾಗಿಲಿಗೆ ಅಡ್ಡ ನಿಂತಾಗಲೆಲ್ಲ ನನಗೆ ಎದೆಯಲ್ಲಿ ಹಾಲು ಉಕ್ಕಿದಂತಾಗುತ್ತದೆ. ಯಾಕೆಂದರೆ ನಾನೂ ಒಂದು ಸಲ ಹಾಗೆಯೇ ಬಾಗಿಲಿಗೆ ಅಡ್ಡ ನಿಂತವಳು. ಆ ದಿನ ಕೇಳಿದ ಪ್ರಶ್ನೆಯಿಂದಲೇ ನಾನು ನಾನಾದೆ ಎಂದು ಈಗ ಅನಿಸುತ್ತದೆ.

ಅಪ್ಪ ಹಂಚಿನ ಭಟ್ಟಿಯಲ್ಲಿ ದುಡಿಯುತ್ತಿದ್ದ. ಸುಡುವಾಗ ಸೊಟ್ಟಾದ ಹಂಚುಗಳನ್ನು ಅಲ್ಲಿಂದ ತಂದು ಮನೆಗೆ ಹೊದಿಸಿದ್ದರಿಂದ ನಮ್ಮ ಮಾಡು ಒಂದು ಕಡೆ ಏರು, ಒಂದು ಕಡೆ ಇಳಿವು. ಮುಂದೆ ಪಡಸಾಲೆ, ನಡುವೆ ದೇವರ ಜಗಲಿಯ ಕೋಣೆ, ಹಿಂದೆ ಅಡುಗೆಮನೆ, ಅದರಾಚೆ ಹಿತ್ತಲು. ಪಡಸಾಲೆಯ ಒಂದು ಮೂಲೆ ಆಯಿಯದು. ಆಯಿ ಅಂದರೆ ಅಪ್ಪನ ತಾಯಿ, ಗಂಗವ್ವ. ಬೆಳಗ್ಗೆ ಲಿಂಗಪೂಜೆ ಮುಗಿಸಿ ಹಣೆ ತುಂಬ ವಿಭೂತಿ ಹಚ್ಚಿಕೊಂಡು ಆ ಮೂಲೆಯಲ್ಲಿ ಕೂತಳೆಂದರೆ ಮನೆಯ ನ್ಯಾಯವೂ ಅಲ್ಲೇ, ಬೆಲ್ಲದ ಡಬ್ಬಿಯೂ ಅಲ್ಲೇ. ಅವಳಿಗೂ ನಮ್ಮವ್ವನಿಗೂ ದಿನಾ ಜಗಳ. ಝುಣಕಕ್ಕೆ ಖಾರ ಹೆಚ್ಚಾಯಿತೆಂದು ಒಂದು ದಿನ, ಕಡಿಮೆಯಾಯಿತೆಂದು ಮರುದಿನ. ಜಗಳ ಎಷ್ಟೇ ಏರಲಿ, ಊಟಕ್ಕೆ ಕೂತಾಗ ಅವ್ವ ಮೊದಲ ಬಿಸಿ ರೊಟ್ಟಿಯನ್ನು ಆಯಿಯ ತಾಟಿಗೇ ಹಾಕುತ್ತಿದ್ದಳು. ಹಾಕುವಾಗ ಸ್ವಲ್ಪ ಸಪ್ಪಳ ಮಾಡಿ ಹಾಕುತ್ತಿದ್ದಳು, ಅಷ್ಟೇ. ನಾನು ನಾಲ್ಕನೇತ್ತೆಗೇ ಸಾಲಿ ಬಿಟ್ಟು ರೊಟ್ಟಿ ಬಡಿಯುವುದನ್ನು ಕಲಿಯುತ್ತಿದ್ದೆ.

ನಮ್ಮ ಮನೆಯಲ್ಲಿ ಆಟವೆಂದರೆ ಪಂಚಮಿ. ನಾಗಪ್ಪನಿಗೆ ಹಾಲೆರೆದ ಮೇಲೆ ಆ ನಾಲ್ಕಾರು ದಿನ ಹೆಂಗಸರಿಗೆ ಬೈಯುವವರಿಲ್ಲ. ತಂಬಿಟ್ಟು, ಎಳ್ಳುಂಡಿ, ಜೋಳದ ಅಳ್ಳು ತುಂಬಿದ ಡಬ್ಬಿಗಳ ಬಾಯಿ ತೆರೆದೇ ಇರುತ್ತಿತ್ತು. ಮದುವೆಯಾಗಿ ಹೋದ ಹೆಣ್ಣುಮಕ್ಕಳೆಲ್ಲ ತವರಿಗೆ ಬಂದು ಜೋಕಾಲಿ ಜೀಕುತ್ತಿದ್ದರು. ಗಂಡಸರು ಲಿಂಬೆಹಣ್ಣು ಒಗೆಯುವ ಪಂಥ ಕಟ್ಟುತ್ತಿದ್ದರು, ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ನಡೆಯುತ್ತಿದ್ದರು, ಬಿದ್ದು ಮಂದಿಯನ್ನು ನಗಿಸುತ್ತಿದ್ದರು. ಅದಕ್ಕೇ ನಾನು ಹೇಳುವುದು, ಈಗಿನ ಟೀವಿಯ ಆಟಗಳು ಹೊಸವಲ್ಲ. ಪಂಚಮಿಯನ್ನೇ ಎತ್ತಿ ಡಬ್ಬಿಯೊಳಗೆ ಇಟ್ಟಿದ್ದಾರೆ. ಪಂಚಮಿಯ ಪಂಥದಲ್ಲಿ ನೀನು ಎಷ್ಟು ಓದಿದ್ದೀಯೆಂದು ಯಾರೂ ಕೇಳುತ್ತಿರಲಿಲ್ಲ.

ಹಬ್ಬ ಮುಗಿದು ಮಗಳು ಗಂಡನ ಮನೆಗೆ ಹೊರಡುವಾಗ ಕೊನೆಯ ಆಟ. ಅವಳಿಗೆ ಹಸಿರು ಕುಬಸ, ಅಕ್ಕಿ, ಕಾಯಿ ಹಾಕಿ ಉಡಿ ತುಂಬುತ್ತಿದ್ದರು. ಹೊಸ್ತಿಲಲ್ಲಿ ಮಕ್ಕಳು ಕೈ ಚಾಚಿ ಬಾಗಿಲು ತಡೆಯುತ್ತಿದ್ದರು. ಗಂಡನ ಹೆಸರನ್ನು ಪ್ರಾಸದ ಮಾತಿನೊಳಗೆ ಸೇರಿಸಿ ಒಡಪು ಹೇಳಿದರೆ ಮಾತ್ರ ದಾರಿ. ಬೇರೆ ದಿನ ಗಂಡನ ಹೆಸರು ನಾಲಿಗೆಗೆ ತರಬಾರದ ಕಾಲವದು. ಹೆಸರು ಹೇಳದೆ ಹೊಸ್ತಿಲು ದಾಟಿದರೆ ಶಕುನ ನೆಟ್ಟಗಿಲ್ಲ ಎಂಬುದು ಆಯಿಯ ಕಟ್ಟಳೆ, ಅದನ್ನು ಮುರಿದವರಿಲ್ಲ. ನಮ್ಮವ್ವ ಪ್ರತಿ ವರ್ಷ ತವರಿಗೆ ಹೋಗುವಾಗಲೂ ಬಾಗಿಲು ತಡೆಯುತ್ತಿದ್ದೆವು. ಅವಳದು ಒಂದೇ ಒಡಪು.

"ರೊಟ್ಟಿ ಸುಡೂದು ಹಂಚಿನ ಮ್ಯಾಲ, ಬೆಣ್ಣಿ ಇಡೂದು ರೊಟ್ಟಿ ಮ್ಯಾಲ, ಶಿವಪ್ಪಗ ಸಿಟ್ಟ ಬರೂದು ಮೂಗಿನ ಮ್ಯಾಲ."

ಶಿವಪ್ಪ ಅಂದರೆ ಅಪ್ಪ. ಸಿಟ್ಟಿನ ಮಾತು ಕೇಳಿ ಅವನಿಗೆ ಸಿಟ್ಟು ಬರುತ್ತಿತ್ತು, ಅದನ್ನು ನೋಡಿ ನಾವು ಇನ್ನಷ್ಟು ನಗುತ್ತಿದ್ದೆವು.

ಒಂದು ಪಂಚಮಿಗೆ ಅಪ್ಪನ ತಂಗಿ ನೀಲತ್ತಿ ಬಂದಳು. ಹಬ್ಬ ಮುಗಿಯಿತು, ಕರೆಯಲು ಯಾರೂ ಬರಲಿಲ್ಲ. ಗಂಡ ಲಾರಿಯ ಮೇಲೆ ಗೋವಾ, ಮುಂಬೈ ಎಂದು ತಿರುಗುವವನು. ಹೊಡೆದವನಲ್ಲ, ಬೈದವನೂ ಅಲ್ಲ. ಮಲಪ್ರಭೆಯ ಆಚೆ ದಂಡೆಯ ಹಳ್ಳಿಯಲ್ಲಿ ಇದ್ದ ಆ ಮನೆ ಅವಳನ್ನು ಕಳಿಸಿ ಮರೆತುಬಿಟ್ಟಿತು, ಅಷ್ಟೇ. ದೀಪಾವಳಿ ಹೋಯಿತು, ಸಂಕ್ರಮಣ ಹೋಯಿತು. ಅಪ್ಪ ಸಂತೆಗೆ ಹೋಗುವ ದಾರಿ ಬದಲಿಸಿದ, ಎದುರು ಸಿಕ್ಕವರು "ತಂಗಿ ಇನ್ನೂ ಇಲ್ಲೇ ಅದಾಳೇನು?" ಎಂದು ಕೇಳುತ್ತಾರೆಂದು. ಅತ್ತಿ ಮಾತ್ರ ಏನೂ ಹೇಳುತ್ತಿರಲಿಲ್ಲ. ರೊಟ್ಟಿ ಬಡಿಯುತ್ತಿದ್ದಳು, ನನ್ನ ಜಡೆ ಹಾಕುತ್ತಿದ್ದಳು, ರಾತ್ರಿ ನನ್ನ ಪಕ್ಕದಲ್ಲಿ ಮಲಗುತ್ತಿದ್ದಳು. ಅವಳು ಹೋಗಬಾರದೆಂಬುದು ನನ್ನ ಆಸೆ. ಹೋಗದಿದ್ದರೆ ಮರ್ಯಾದೆ ಹೋಗುತ್ತದೆಂಬುದು ಅಪ್ಪನ ಹೆದರಿಕೆ. ಅವಳಿಗೇನು ಬೇಕೆಂದು ಮಾತ್ರ ನಮಗೆ ಗೊತ್ತಿರಲಿಲ್ಲ.

ಆ ವರ್ಷವೇ ಬಾಜೂ ಮನೆಗೆ ಟೀವಿ ಬಂತು. ಅದು ಶೇವಂತಾ ಕಾಕುವಿನ ಮನೆ. ಮರಾಠಿಯವರು, ಕಾಕು ಅಂದರೆ ಅವರಲ್ಲಿ ಚಿಕ್ಕಮ್ಮ, ಅವಳ ಗಂಡ ರೈಲ್ವೆಯಲ್ಲಿದ್ದರು. ನಾವು ಅವರ ಪಡಸಾಲೆಯಲ್ಲಿ ಗೋಣಿಚೀಲ ಹಾಸಿಕೊಂಡು ಕೂಡುತ್ತಿದ್ದೆವು. ಆಯಿಗೆ ಮಾತ್ರ ಕುರ್ಚಿ. ಅತ್ತಿ ಬಾಗಿಲಲ್ಲೇ ನಿಲ್ಲುತ್ತಿದ್ದಳು.

"ಅಗ ನೀಲಾ, ಒಳಗ ಬಾ ಕೀ. ಬಾಗಲದಾಗ ನಿಂತ್ರ ಟೀವ್ಯಾಗಿನ ಮಂದಿ ಏನ ತಿಳ್ಕೊಂಡಾರು?" ಎಂದು ಕಾಕು ಅವಳ ಕೈ ಹಿಡಿದು ಎಳೆದು ಕೂಡಿಸುತ್ತಿದ್ದಳು.

ವಾರಕ್ಕೊಮ್ಮೆ ಅದರಲ್ಲಿ ಪ್ರಶ್ನೆ ಕೇಳುವ ಆಟ ಬರುತ್ತಿತ್ತು. ಕೋಟು ಹಾಕಿದ ಒಬ್ಬ ಕೈಯಲ್ಲಿ ಚೀಟಿ ಹಿಡಿದು ಕೇಳುತ್ತಿದ್ದ, ಇಸ್ತ್ರಿ ಮಾಡಿದ ಅಂಗಿಯ ಹುಡುಗರು ಉತ್ತರ ಹೇಳುತ್ತಿದ್ದರು. ಎಲ್ಲ ಇಂಗ್ಲೀಷು. ನಮ್ಮಲ್ಲಿ ಒಬ್ಬರಿಗೂ ಒಂದು ಅಕ್ಷರ ತಿಳಿಯುತ್ತಿರಲಿಲ್ಲ. ಆದರೂ ತುಟಿ ಪಿಟಕ್ಕೆನ್ನದೆ ಕೂಡುತ್ತಿದ್ದೆವು, ಪುರಾಣ ಕೇಳಲು ಕೂತ ಹಾಗೆ. ಆ ಆಟವನ್ನು ಬಸು ಈಗ ಹೊಗಳುತ್ತಾನಲ್ಲ, ನನಗೆ ಅದರ ಮೇಲೆ ಅಂದಿನಿಂದಲೂ ಮುನಿಸು. ಅದು ಓದಿದವರು ಓದಿದವರಿಗೆ ಆಡಿದ ಆಟ. ನೋಡುವವರನ್ನು ಬಾಯಿಲ್ಲದವರನ್ನಾಗಿ ಮಾಡಿ ಕೂಡಿಸಿತು. ಉತ್ತರ ಬಾರದ ಹುಡುಗನ ಕಿವಿ ಕೆಂಪಾಗುತ್ತಿದ್ದರೆ ಆಯಿ ಟೀವಿಗೇ ಹೇಳುತ್ತಿದ್ದಳು, "ಇರ್ಲಿ ಬಿಡಪಾ, ಮನಿಗಿ ಹೋಗಿ ಉಣ್ಣು. ಅವ್ವ ದಾರಿ ನೋಡತಿರ್ತಾಳ." ಒಂದು ಮಾತು ಮಾತ್ರ ನಮಗೆ ತಿಳಿಯಿತು. ಕಾಕುವಿನ ಗಂಡ ಅದನ್ನು ಬಿಡಿಸಿ ಹೇಳಿದ್ದರು. ಉತ್ತರ ಬೇಡವೆನಿಸಿದರೆ "ಪಾಸ್" ಎನ್ನಬಹುದು, ಆಗ ಪ್ರಶ್ನೆ ಪಕ್ಕದವರ ಪಾಳಿಗೆ ಹೋಗುತ್ತದೆ. ಮಕ್ಕಳಾದ ನಮಗೆ ಅದೇ ಆಟವಾಯಿತು. ನೀರು ತಾ ಎಂದರೆ ಪಾಸ್, ಕಸ ಹೊಡಿ ಎಂದರೆ ಪಾಸ್. ಅವ್ವ ಸಾರಿನ ಹುಟ್ಟು ಎತ್ತಿಕೊಂಡು ಬಂದ ಮೇಲೆ ಅದು ಕಡಿಮೆಯಾಯಿತು.

ನೀಲತ್ತಿ ಒಂದು ವಾರವೂ ಆ ಆಟ ತಪ್ಪಿಸುತ್ತಿರಲಿಲ್ಲ. ಒಂದು ಸಂಜೆ ರೊಟ್ಟಿಯ ಹಿಟ್ಟು ನಾದುತ್ತ ಕೇಳಿದೆ.

"ಅತ್ತಿ, ನಿನಗ ಇಂಗ್ಲೀಷ ತಿಳೀತೈತೇನು?"

"ಇಲ್ಲವಾ."

"ಮತ್ತ ಅಷ್ಟ ಕಣ್ಣ ತಗದ ಏನ ನೋಡ್ತಿ?"

ಅವಳು ಹಂಚಿನ ಮೇಲಿನ ರೊಟ್ಟಿಗೆ ನೀರು ಸವರುತ್ತ ಹೇಳಿದಳು.

"ಆ ಕೋಟಿನಾಂವಾ ಕೇಳಿ ಸುಮ್ನ ಕುಂದರತಾನ ನೋಡು. ಉತ್ತರಾ ಬರೂ ತನಕ ಕಾಯತಾನ. ಅದನ್ನ ನೋಡತೀನಿ. ಆ ಮನ್ಯಾಗ ಪಲ್ಲೆ ಏನ ಮಾಡ್ಲಿ ಅಂತ ನಾನ ಕೇಳಬೇಕು, ನಾನ ಹೇಳ್ಕೋಬೇಕು. ಉಂಡಿ ಏನು, ಹಸದಿ ಏನು, ಬ್ಯಾನಿ ಐತೇನು, ಒಬ್ರೂ ಕೇಳಿದ್ದಿಲ್ಲ ಸಾವಿ."

ಸಾವಿ ನಾನು, ಸಾವಿತ್ರಿ. ಆ ಹೊತ್ತಿಗೆ ನೀರು ಕುಡಿಯಲು ಬಂದ ಅಪ್ಪ ತಂಬಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದ. ಕೇಳಿಸಿಕೊಂಡನೋ ಇಲ್ಲವೋ, ನೀರು ಕುಡಿಯದೆ ತಂಬಿಗೆ ಇಟ್ಟು ಹೋದ.

ಮುಂದಿನ ಪಂಚಮಿ ಬಂತು. ಹಬ್ಬದ ಮೂರನೇ ದಿನ ಅತ್ತಿಯ ಮೈದುನ ಮಲ್ಲಪ್ಪ ಅಂಗಳದಲ್ಲಿ ಬಂದು ನಿಂತ. ಅಪ್ಪನ ಮುಖ ನೋಡಬೇಕಿತ್ತು. ಒಂದು ವರ್ಷದಿಂದ ಬಗ್ಗಿದ್ದ ಬೆನ್ನು ನೆಟ್ಟಗಾಯಿತು. "ಬರ್ರಿ, ಕುಂದರ್ರಿ, ಚಾ ತರ್ರಿ" ಎಂದು ತಾನೇ ಓಡಾಡಿದ. ಮಲ್ಲಪ್ಪ ಕೆಟ್ಟವನಲ್ಲ. ತಂಬಿಟ್ಟಿನ ತಾಟು ಕೈಯಲ್ಲಿ ಹಿಡಿದುಕೊಂಡೇ, ತಿನ್ನದೆ, ಇದ್ದ ಮಾತು ಹೇಳಿದ.

"ನಮ್ಮವ್ವ ಹಿತ್ತಲದಾಗ ಜಾರಿ ಬಿದ್ದಾಳರಿ. ಸೊಂಟ ಹಿಡದೈತಿ, ಏಳಾಕ ಆಗವಲ್ದು. ಮನ್ಯಾಗ ಮಾಡಾವರು ಯಾರೂ ಇಲ್ಲ. ನೀಲಾ ವೈನೀನ್ನ ಕರಕೊಂಡ ಬಾ ಅಂದಾರ."

"ಆತಲ್ಲ, ಊಟಾ ಮಾಡಿ ಹೊಂಡ್ರಿ. ನೀಲಾ, ಗಂಟ ಕಟ್ಟು," ಎಂದ ಅಪ್ಪ.

ಆಯಿ ಮೂಲೆಯಿಂದ ಮಗಳ ಮುಖ ನೋಡುತ್ತಿದ್ದಳು. ಅತ್ತಿ ಗಂಟು ಕಟ್ಟಿದಳು. ಅವ್ವ ಉಡಿ ತುಂಬಿದಳು, ತುಂಬುವಾಗ ಅವಳ ಕೈಯಿಂದ ಅಕ್ಕಿ ಚೆಲ್ಲಿತು. ಓಣಿಯ ಹೆಂಗಸರು, ಶೇವಂತಾ ಕಾಕು, ಎಲ್ಲರೂ ಪಡಸಾಲೆಯಲ್ಲಿ ಸೇರಿದರು. ನಾನು ಓಡಿ ಹೋಗಿ ಹೊಸ್ತಿಲ ಮೇಲೆ ನಿಂತು ಎರಡೂ ಕೈ ಚಾಚಿ ಬಾಗಿಲು ತಡೆದೆ. ಬೇರೆ ವರ್ಷ ಆಟಕ್ಕೆ ತಡೆಯುತ್ತಿದ್ದೆ, ಆ ದಿನ ಖರೇ ತಡೆದೆ. ಅಳಬಾರದೆಂದು ಕೋಟಿನವನ ಹಾಗೆ ದನಿ ದಪ್ಪ ಮಾಡಿದೆ.

"ಮೊದಲನೇ ಪ್ರಶ್ನಿ. ನಿಮ್ಮ ಮನಿಯವರ ಹೆಸರೇನು?"

ಹೆಂಗಸರೆಲ್ಲ ನಕ್ಕರು. ಹುಡುಗರು ನಾಲಿಗೆಯಿಂದ ಟಿಕ್ ಟಿಕ್ ಎಂದು ಗಡಿಯಾರ ಬಾರಿಸತೊಡಗಿದರು, ಟೀವಿಯಲ್ಲಿ ಬಾರಿಸುವ ಹಾಗೆ. ಅತ್ತಿ ಉಡಿ ಹಿಡಿದುಕೊಂಡು ನನ್ನನ್ನೇ ನೋಡುತ್ತ ನಿಂತಳು. ನಾನು ಕಾಯುತ್ತ ನಿಂತೆ. ನಗು ನಿಂತಿತು. ಟಿಕ್ ಟಿಕ್ ಕೂಡ ಒಬ್ಬೊಬ್ಬರದಾಗಿ ನಿಂತಿತು. ಎಲ್ಲರೂ ಸುಮ್ಮನಾಗಿ ಅವಳ ಬಾಯಿ ನೋಡುತ್ತಿದ್ದರು. ಅವಳ ಬಾಳಿನಲ್ಲಿ ಅದು ಮೊದಲ ಸಲವೇ ಇರಬೇಕು.

"ಪಾಸ್," ಎಂದಳು ನೀಲತ್ತಿ.

"ಏನಂದಿ?" ಎಂದ ಅಪ್ಪ.

"ಪಾಸ್ ಅಂದೆ ಅಣ್ಣಾ. ಉತ್ತರಾ ಗೊತ್ತೈತಿ. ಹೇಳಾಂಗಿಲ್ಲ."

ಆಗ ಮೂಲೆಯಲ್ಲಿ ಬಳೆಗಳ ಸಪ್ಪಳವಾಯಿತು. ಆಯಿ ಗೋಡೆ ಹಿಡಿದು ಎದ್ದಳು, ಮಗಳ ಪಕ್ಕಕ್ಕೆ ಬಂದು ನಿಂತಳು.

"ಪಾಸ್ ಅಂದ್ರ ಪ್ರಶ್ನಿ ಬಾಜೂದಾವರಿಗಿ ಬರತೈತಿ. ಹೌದಿಲ್ಲೋ ಶೇವಂತಾ?"

"ಹೌದರೀ ಆಯಿ. ನಮ್ಮನಿಯವರು ಹಾಂಗ ಹೇಳ್ಯಾರ," ಎಂದಳು ಕಾಕು.

"ಅಂದ್ರ ಈಗ ನನ್ನ ಪಾಳಿ. ಮಲ್ಲಪ್ಪಾ, ನಿಮ್ಮವ್ವಗ ಬ್ಯಾನಿ ಆಗೈತಿ ಅಂದಿ, ನನಗೂ ಕೆಟ್ಟ ಅನಸ್ತು. ಎಣ್ಣಿ ಕಾಸಿ ಕೊಡತೀನಿ, ಒಯ್ದು ತಿಕ್ಕರಿ. ಆದರ ಹೆಸರ ಹೇಳದ ಹೊಸ್ತಿಲಾ ದಾಟೂ ಪದ್ಧತಿ ನಮ್ಮನ್ಯಾಗಿಲ್ಲ. ನನ್ನ ಮಗಳು ಇಲ್ಲೇ ಇರತಾಳ."

ಅಪ್ಪ ಚೀರಾಡಿದ. ಮಂದಿ ಏನೆಂದಾರು, ಟೀವಿ ನೋಡಿ ಮನೆ ಕೆಟ್ಟಿತು, ಶೇವಂತಾನ ಮನೆಗೆ ಇನ್ನು ಯಾರೂ ಕಾಲಿಡಬಾರದು. ಅವ್ವ ಉಡಿಯ ಅಕ್ಕಿಯನ್ನು ಡಬ್ಬಿಗೆ ವಾಪಸು ಸುರಿದು, "ಈಗ ಇದನ್ನ ಅನ್ನಕ್ಕ ಇಡತೀನಿ. ಬಂದ ಬೀಗರನ್ನ ಉಪವಾಸ ಕಳಿಸ್ತೀರೇನು?" ಎಂದು ಒಳಗೆ ಹೋದಳು. ದಿನಾ ಆಯಿಯೊಡನೆ ಜಗಳಾಡುವ ಅವ್ವ ಆ ದಿನ ಆಕೆಯ ಮಾತಿಗೆ ಎದುರಾಡಲಿಲ್ಲ. ಮಲ್ಲಪ್ಪ ತಲೆ ತಗ್ಗಿಸಿ ಊಟ ಮಾಡಿದ. ಎಣ್ಣೆಯ ಬಾಟಲಿ ತೆಗೆದುಕೊಂಡು ಹೊರಡುವಾಗ ಅತ್ತಿಯ ಕಡೆ ತಿರುಗಿ, "ವೈನಿ, ನಾ ಇದ್ದದ್ದ ಇದ್ದಾಂಗ ಹೇಳತೀನಿ. ನಿಮ್ಮ ಮ್ಯಾಲ ಮಾತ ಬರಗೊಡೂದಿಲ್ಲ," ಎಂದ. ಅವನು ಆ ಮಾತು ಉಳಿಸಿಕೊಂಡ. ಆ ಕಡೆಯಿಂದ ಮತ್ತೆ ಯಾರೂ ಬರಲಿಲ್ಲ, ಕೆಟ್ಟ ಮಾತೂ ಬರಲಿಲ್ಲ.

ಅಪ್ಪನ ಮುನಿಸು ಮಾತ್ರ ಇಳಿಯಲಿಲ್ಲ. ಭಟ್ಟಿಯಿಂದ ಬಂದು ಗೋಡೆಗೆ ಮುಖ ಮಾಡಿ ಉಣ್ಣುತ್ತಿದ್ದ. ಅತ್ತಿ ಬಡಿಸಿದರೆ ತಾಟಿನ ಮೇಲೆ ಕೈ ಅಡ್ಡ ಹಿಡಿಯುತ್ತಿದ್ದ. ಅವ್ವ ಬಡಿಸಿದರೆ ಮಾತ್ರ ತುತ್ತು. ನಾವೆಲ್ಲ ಪಿಸುಮಾತಿನಲ್ಲಿ ದಿನ ಕಳೆದೆವು. ದಸರೆ ಹತ್ತಿರ ಬಂದ ಒಂದು ಮುಂಜಾನೆ, ಕೆಲಸಕ್ಕೆ ಹೊರಟವನು ಅಡುಗೆಮನೆಯ ಬಾಗಿಲಿಗೆ ಬಂದು ನಿಂತ. ಚೌಕಟ್ಟಿಗೆ ಕೈ ಹಚ್ಚಿ, ಒಲೆಯ ಕಡೆ ನೋಡುತ್ತ ಕೇಳಿದ.

"ನೀಲಾ, ಇವತ್ತ ಪಲ್ಲೆ ಏನ ಮಾಡೂಣು?"

ಕೇಳಿ ಸುಮ್ಮನೆ ನಿಂತ. ಕೆಲಸಕ್ಕೆ ಕರೆಯುವ ಭಟ್ಟಿಯ ಭೋಂಗಾ ಕೂಗಿತು, ಆದರೂ ನಿಂತಿದ್ದ. ಅತ್ತಿ ಬಹಳ ಹೊತ್ತಿನ ಮೇಲೆ "ಪುಂಡಿಪಲ್ಲೆ" ಎಂದಳು. "ಆತು" ಎಂದು ಹೋದ. ಅವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡು, ಹೊಗೆ ಬಹಳವಾಯಿತೆಂದು ಒಲೆಯನ್ನು ಬೈದಳು. ಅಂದು ರಾತ್ರಿ ಪಂಕ್ತಿಗೆ ಬಂದು ಎಲ್ಲರ ಜೊತೆ ಕೂತ ಅಪ್ಪ ಎರಡು ಸಲ ಪಲ್ಲೆ ಹಾಕಿಸಿಕೊಂಡ. ಮುಂದಿನ ವಾರ ಕಾಕುವಿನ ಮನೆಗೆ ಟೀವಿ ನೋಡಲು ನಮಗಿಂತ ಮೊದಲು ಹೋಗಿ ಕೂತವನೂ ಅವನೇ.

ಆಯಿ ಹೋದಳು, ಅಪ್ಪ ಅವ್ವ ಹೋದರು. ನಾನು ಮದುವೆಯಾಗಿ ಅನಗೋಳಕ್ಕೆ ಬಂದೆ. ಮೊದಲ ಹೆರಿಗೆಗೆ ಆರೈಕೆ ಮಾಡಲು ಬಂದ ನೀಲತ್ತಿ ಇಲ್ಲಿಯೇ ಉಳಿದಳು. ಓಣಿಯ ಹೆಂಗಸರಿಗೆಲ್ಲ ಕುಬಸ ಹೊಲಿದಳು. ನನ್ನ ಮನೆಯಲ್ಲಿ ಅವಳನ್ನು ಕೇಳದೆ ಪಲ್ಲೆ ಆಗುವುದಿಲ್ಲ. ಟೀವಿಯ ಆಟ ಬಂದರೆ ಅವಳೂ ನಾನೂ ಪಕ್ಕ ಪಕ್ಕ ಕೂಡುತ್ತೇವೆ, ಹಳೆಯದು ಮೇಲೋ ಹೊಸದು ಮೇಲೋ ಎಂಬ ವಾದಕ್ಕೆ ಮಾತ್ರ ಅವಳು ಬರುವುದಿಲ್ಲ. ಗೊತ್ತಿಲ್ಲದ ಪ್ರಶ್ನೆಗೆ ಫೋನು ಹಚ್ಚಿ ಯಾರನ್ನಾದರೂ ಕೇಳುವ ಸವಲತ್ತು ಈಗಿನ ಆಟದಲ್ಲಿದೆಯಲ್ಲ, ಬಸು ಅದನ್ನು ಕಾಪಿ ಹೊಡೆದ ಹಾಗೆ ಎನ್ನುತ್ತಾನೆ. ಅದೊಂದನ್ನು ಅತ್ತಿ ಒಪ್ಪುವುದಿಲ್ಲ. "ಯಾರನ್ನ ಕೇಳಬೇಕು ಅಂತ ಗೊತ್ತಿರೂದೂ ಶಾಣ್ಯಾತನನ," ಎನ್ನುತ್ತಾಳೆ. ನನಗೆ ಈಗಿನ ಆಟಗಳ ಮೇಲೆ ಇರುವ ತಕರಾರು ಒಂದೇ. ಬಕೀಟು ಇಟ್ಟರು, ಚೆಂಡು ಇಟ್ಟರು, ಕುಕ್ಕರ್ ಇಟ್ಟರು, ಪಾಸ್ ಅನ್ನುವುದನ್ನು ಮಾತ್ರ ತೆಗೆದು ಹಾಕಿದರು.

ಈ ವರ್ಷದ ಪಂಚಮಿಯ ಮರುದಿನ ಅತ್ತಿ ಕಾಯಿಪಲ್ಲೆ ತರಲು ಚೀಲ ಹಿಡಿದು ಹೊರಟಳು. ಸೃಷ್ಟಿ ಲಟ್ಟಣಿಗೆ ಹಿಡಿದು ಓಡಿ ಬಂದು ಹೊಸ್ತಿಲಲ್ಲಿ ಅಡ್ಡ ನಿಂತಳು. ಟೀವಿಯಲ್ಲಿ ಹೆಂಗಸರಿಗೆ ಒಡಪು ಹೇಳಿಸುವುದನ್ನು ನೋಡಿದ್ದಾಳೆ.

"ಅಜ್ಜಿ, ಹೆಸರ ಹೇಳಿ ಹೊರಗ ಹೋಗು."

ನಾನು ಹಿಟ್ಟಿನ ಕೈಯಲ್ಲೇ ಒಳಗಿನಿಂದ ಬಂದೆ. ಮಗುವಿಗೆ ಏನೂ ಗೊತ್ತಿಲ್ಲ. ಬೇಡವಾ ಎಂದು ತಡೆಯಲು ಮುಂದಾದೆ.

"ಪಾಸ್ ಅಂದ್ರ ನಡೀತೈತೇನು?" ಎಂದಳು ಅತ್ತಿ.

"ಪಾಸ್ ಇಲ್ಲಜ್ಜಿ ಈಗ. ಬೇಕಾದ್ರ ಫೋನ್ ಮಾಡಿ ಕೇಳು."

"ಯಾರಿಗಿ ಮಾಡ್ಲಿ? ಕೇಳಬೇಕಾದಾಕಿ ಫೋನ್ ಇಲ್ಲದ ಊರಿಗಿ ಹೋಗ್ಯಾಳ."

ಸೃಷ್ಟಿ ಲಟ್ಟಣಿಗೆಯನ್ನು ಅವಳ ಬಾಯಿಗೆ ಹಿಡಿದೇ ನಿಂತಳು, ಅವಸರ ಮಾಡಲಿಲ್ಲ. ಅತ್ತಿ ಚೀಲವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದಳು. ಗಂಟಲು ಸರಿಮಾಡಿಕೊಂಡಳು. ಪಾಸ್ ಎಂದ ಆ ದಿನದಿಂದ ಅವಳು ಒಡಪು ಹೇಳಿದ್ದನ್ನು ನಾನು ಕೇಳಿರಲಿಲ್ಲ.

"ಹೊಸ್ತಿಲದ ಮ್ಯಾಲ ರಂಗೋಲಿ, ರಂಗೋಲಿ ನಡಬರಕ ಹೂವ, ಗಂಗವ್ವ ಆಕಿ ಹೆಸರ, ಹೋಗಬ್ಯಾಡ ಅಂದಾಕಿ ನನ್ನವ್ವ."

ಸೃಷ್ಟಿ ನನ್ನ ಕಡೆ ತಿರುಗಿದಳು. "ಅಜ್ಜಿ, ಗಂಡನ ಹೆಸರ ಹೇಳಬೇಕಿತ್ತು, ಈಕಿ ಅವ್ವನ ಹೆಸರ ಹೇಳಿದ್ಲು. ಬಿಡ್ಲ್ಯಾ?"

"ಬಿಡವಾ ನನ್ನ ಬಂಗಾರ. ಉತ್ತರಾ ಬರೋಬ್ಬರಿ ಐತಿ," ಎಂದೆ.

ಮೊಮ್ಮಗಳು ಕೈ ಇಳಿಸಿದಳು. ನೀಲತ್ತಿ ಹೊಸ್ತಿಲು ದಾಟಿ ಮೆಟ್ಟಿಲಿಳಿದಳು. ಅಂಗಳದ ನಡುವೆ ನಿಂತು ತಿರುಗಿ, "ಸಾವಿ, ಪಲ್ಲೆ ಏನ ತರ್ಲಿ?" ಎಂದು ಕೇಳಿದಳು. ನಾನು ಉತ್ತರ ಹೇಳುವವರೆಗೆ, ಬಿಸಿಲಲ್ಲಿ, ಕಾಯುತ್ತ ನಿಂತಳು.